ಪಕ್ಕದ ತೂತು ಯಾರ ಕಿವಿಗೆ?

ಕಳೆದ ತಿಂಗಳು ಒಂದು ಸಂಜೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಂದೆಯೊಡನೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ನಾಲ್ಕು ತಂತಿಯ ಪುಟ್ಟ ವಾದ್ಯ, ಯುಕುಲೇಲೆ. ಶಾಲಾ ವಾರ್ಷಿಕೋತ್ಸವದಲ್ಲಿ ನುಡಿಸಬೇಕು. ಆದರೆ ಹಾಡುವ ಗೆಳತಿಯರ ನಡುವೆ ಕುಳಿತರೆ ತನ್ನ ವಾದ್ಯ ತನಗೇ ಕೇಳಿಸುವುದಿಲ್ಲ ಎಂಬುದು ಅವಳ ದೂರು. ಕೇಳಿಸಲೆಂದು ಜೋರಾಗಿ ಮೀಟಿ ಮೀಟಿ ಬೆರಳ ತುದಿ ಕೆಂಪಾಗಿತ್ತು. ಕೆಲವು ಯುಕುಲೇಲೆಗಳ ಪಕ್ಕೆಯಲ್ಲಿ, ನುಡಿಸುವವರ ಮುಖದ ಕಡೆಗೆ, ಇನ್ನೊಂದು ತೂತು ಇರುವುದನ್ನು ಅವಳು ಗಮನಿಸಿದ್ದಳು. "ಮೇಷ್ಟ್ರೇ, ಬಡಗಿಯ ಕೈಲಿ ಒಂದು ತೂತು ಹಾಕಿಸಿದರೆ ಶಬ್ದ ಹೆಚ್ಚುತ್ತದೆಯೇ?" ಎಂದು ತಂದೆ ಕೇಳಿದರು.

ನಾನು ಹಿಂದೆ ಮುಂದೆ ನೋಡದೆ, "ಹೆಚ್ಚದೆ ಏನು? ತೊಟ್ಟಿಗೆ ಒಂದರ ಬದಲು ಎರಡು ನಲ್ಲಿ ಇಟ್ಟ ಹಾಗೆ" ಎಂದುಬಿಟ್ಟೆ. ಅವರು ಸಮಾಧಾನದಿಂದ ಹೊರಟರು. ರಾತ್ರಿ ಊಟಕ್ಕೆ ಕುಳಿತಾಗ ನನ್ನ ನಲ್ಲಿಯ ಹೋಲಿಕೆ ನನ್ನನ್ನೇ ಚುಚ್ಚತೊಡಗಿತು. ಎರಡು ನಲ್ಲಿ ಇಟ್ಟರೆ ತೊಟ್ಟಿ ಬೇಗ ಬರಿದಾದೀತು. ಒಳಗಿನ ನೀರು ಹೆಚ್ಚುವುದಿಲ್ಲವಲ್ಲ! ಬೆಳಿಗ್ಗೆ ಎದ್ದವನೇ ಫೋನ್ ಮಾಡಿ, "ಬಡಗಿಯ ಹತ್ತಿರ ಹೋಗಬೇಡಿ, ಸಂಜೆ ವಾದ್ಯ ತನ್ನಿ" ಎಂದೆ.

ಯುಕುಲೇಲೆ ಹವಾಯಿ ದ್ವೀಪಗಳ ವಾದ್ಯ. 1879ರಲ್ಲಿ 'ರೇವನ್ಸ್‌ಕ್ರಾಗ್' ಎಂಬ ಹಡಗು ಪೋರ್ಚುಗೀಸರ ಮಡೀರ ದ್ವೀಪದಿಂದ ಹೊರಟು, ಕಬ್ಬಿನ ತೋಟಗಳ ದುಡಿಮೆಗೆಂದು ಬಂದ ಜನರನ್ನು ಹೊನೊಲುಲುವಿನಲ್ಲಿ ಇಳಿಸಿತು. ಅವರಲ್ಲಿದ್ದ ಮೂವರು ಮರಗೆಲಸದವರು ತಮ್ಮೂರಿನ ಪುಟ್ಟ ತಂತಿವಾದ್ಯವನ್ನು ಹೋಲುವ ವಾದ್ಯಗಳನ್ನು ಅಲ್ಲಿ ಮಾಡತೊಡಗಿದರು. ಅದೇ ಯುಕುಲೇಲೆಯಾಯಿತು. ಹವಾಯಿ ಭಾಷೆಯಲ್ಲಿ 'ಉಕು' ಎಂದರೆ ಚಿಗಟ, 'ಲೆಲೆ' ಎಂದರೆ ಜಿಗಿತ. ಸಾಂಪ್ರದಾಯಿಕ ಯುಕುಲೇಲೆಯಲ್ಲಿ ತೂತು ಒಂದೇ, ಅದೂ ಎದುರಿನ ಹಲಗೆಯಲ್ಲಿ.

ಶಬ್ದ ಹುಟ್ಟುವ ಬಗೆಯನ್ನು ನೋಡೋಣ. ತಂತಿ ತೆಳು, ಅದೊಂದೇ ಅಲುಗಿದರೆ ಹೆಚ್ಚು ಗಾಳಿಯನ್ನು ತಳ್ಳಲಾರದು. ತಂತಿಯ ಕಂಪನ ಕುದುರೆಯ ಮೂಲಕ ಎದುರಿನ ಹಲಗೆಗೆ ಇಳಿಯುತ್ತದೆ. ಹಲಗೆ ಅಲುಗಿದಾಗ ಪೆಟ್ಟಿಗೆಯೊಳಗಿನ ಗಾಳಿಯೂ ತೂತಿನಲ್ಲಿ ಒಳಗೆ ಹೊರಗೆ ಆಡುತ್ತದೆ. ಇದಕ್ಕೆಲ್ಲ ಬೇಕಾದ ಶಕ್ತಿ ಬರುವುದು ನಿಮ್ಮ ಬೆರಳಿನಿಂದ ಮಾತ್ರ. ತೂತು ಎಷ್ಟೇ ಇರಲಿ, ಬೆರಳು ಕೊಟ್ಟದ್ದಕ್ಕಿಂತ ಹೆಚ್ಚಿನ ಶಕ್ತಿ ಹೊರಬರಲಾರದು. ಶಬ್ದ ಹೆಚ್ಚು ಜೋರಾಗಿ ಹೊರಬಿದ್ದರೆ ಅಷ್ಟೇ ಬೇಗ ಆರಿಯೂ ಹೋಗುತ್ತದೆ.

ಹಾಗಾದರೆ ಪಕ್ಕದ ತೂತು ಬರೀ ಅಲಂಕಾರವೇ? ಅಲ್ಲ. ಶಬ್ದ ಎಷ್ಟು ಎಂಬುದು ಒಂದು ಪ್ರಶ್ನೆ, ಯಾವ ಕಡೆಗೆ ಎಂಬುದು ಇನ್ನೊಂದು.

ಯುಕುಲೇಲೆಯ ನಾಲ್ಕು ತಂತಿಗಳಲ್ಲಿ ಸಾಮಾನ್ಯವಾಗಿ ಅತಿ ತಗ್ಗಿನದು ಸೆಕೆಂಡಿಗೆ ಸುಮಾರು 262 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿ ನೋಡಿ: ಆ ಅಲೆಯ ಉದ್ದ ಸುಮಾರು 1.3 ಮೀಟರ್. ಅಷ್ಟು ಉದ್ದದ ಅಲೆಗೆ ಅಂಗೈಯಗಲದ ಪೆಟ್ಟಿಗೆ ಅಡ್ಡಿಯೇ ಅಲ್ಲ. ಸುತ್ತಿ ಬಳಸಿ ನುಡಿಸುವವರ ಕಿವಿಗೂ ಬರುತ್ತದೆ. ಆದರೆ ಪ್ರತಿ ಸ್ವರದೊಂದಿಗೂ ಅದರ ಎರಡು, ಮೂರು, ಹತ್ತು ಪಟ್ಟು ಕಂಪನದ ಮೇಲ್ಸ್ವರಗಳು ಬೆರೆತಿರುತ್ತವೆ. 3,400 ಹರ್ಟ್ಸ್‌ನ ಅಲೆಯ ಉದ್ದ ಬರೀ 10 ಸೆಂಟಿಮೀಟರ್. ಇಂಥ ಗಿಡ್ಡ ಅಲೆಗಳು ಅಷ್ಟು ಸುಲಭವಾಗಿ ಬಾಗುವುದಿಲ್ಲ. ಹೆಚ್ಚಾಗಿ ಎದುರಿಗೇ ಹೋಗುತ್ತವೆ. ಸ್ವರಕ್ಕೆ ಸ್ಪಷ್ಟತೆ ತರುವವು ಇವೇ. ಹೀಗಾಗಿ ಎದುರು ಕುಳಿತವರಿಗೆ ಸ್ವರ ನಿಚ್ಚಳ, ವಾದ್ಯದ ಹಿಂದಿರುವ ನುಡಿಸುವವರಿಗೆ ಮಂಕು. ಪಕ್ಕದ ತೂತು ಈ ಶಬ್ದದ ಒಂದು ಪಾಲನ್ನು ನೇರವಾಗಿ ಅವರ ಮುಖದ ಕಡೆಗೆ ಬಿಡುತ್ತದೆ. ವೇದಿಕೆಯಲ್ಲಿ ಹಾಡುಗಾರರ ಕಡೆಗೇ ತಿರುಗಿಸಿ ಇಡುವ ಸ್ಪೀಕರ್ ನೋಡಿದ್ದೀರಲ್ಲ, ಅದರ ಕೆಲಸವೂ ಇದೇ.

ತೂತಿನಿಂದ ಇನ್ನೊಂದು ಪರಿಣಾಮವೂ ಉಂಟು. ಅದನ್ನು ನೀವೇ ಮಾಡಿ ನೋಡಬಹುದು. ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ಪಕ್ಕದಲ್ಲಿ ಪೆನ್ಸಿಲ್ ದಪ್ಪದ ತೂತು ಮಾಡಿ. (ಇದನ್ನು ದೊಡ್ಡವರೇ ಮಾಡಿಕೊಡಲಿ.) ತೂತನ್ನು ಬೆರಳಿನಿಂದ ಮುಚ್ಚಿ, ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿ. 'ಊಂ' ಎಂಬ ತಗ್ಗಿನ ಸ್ವರ ಬರುತ್ತದೆ. ಈಗ ಬೆರಳು ತೆಗೆದು ಊದಿ, ಸ್ವರ ಮೇಲೇರುತ್ತದೆ. ಒಳಗಿನ ಗಾಳಿಗೆ ಹೊರದಾರಿ ಹೆಚ್ಚಿದಷ್ಟೂ ಅದರ ಸಹಜ ಕಂಪನ ಹೆಚ್ಚುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ (1821-1894) ಹೆಸರಿನಿಂದ ಕರೆಯುವ ಅನುರಣನ ಇದು. ಯುಕುಲೇಲೆಯ ಪಕ್ಕೆ ಕೊರೆದರೂ ಒಳಗಿನ ಗಾಳಿಯ ಅನುರಣನ ಹೀಗೆಯೇ ತುಸು ಮೇಲೇರುತ್ತದೆ. ತಂತಿಯ ಶ್ರುತಿ ಬದಲಾಗದು, ಆದರೆ ಯಾವ ಸ್ವರಕ್ಕೆ ಪೆಟ್ಟಿಗೆಯ ಆಸರೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂಬುದು ಬದಲಾಗುತ್ತದೆ. ತೂತು ದೊಡ್ಡದಾದರೆ ತಗ್ಗಿನ ಸ್ವರಗಳ ತುಂಬು ನಾದ ಸೊರಗಬಹುದು. ವಾದ್ಯ ತಯಾರಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ತೂತಿನ ಅಳತೆ ನಿರ್ಧರಿಸಬೇಕಾಗುತ್ತದೆ. ನಮ್ಮ ಬಡಗಿ ಕಿಟಕಿ ಬಾಗಿಲಿನಲ್ಲಿ ನಿಪುಣನಿರಬಹುದು. ಬಿಸಿಯಿಂದ ಬಾಗಿಸಿದ ತೆಳುವಾದ ಪಕ್ಕೆಗೆ ಬೈರಿಗೆ ಇಟ್ಟರೆ ಅದು ಸೀಳೀತು.

ಸಂಜೆ ಅಪ್ಪ ಮಗಳು ಬಂದರು. ಹಿಂದಿನ ದಿನ ಹೇಳಿದ್ದು ತಪ್ಪು ಎಂದು ಮೊದಲು ಒಪ್ಪಿಕೊಂಡೆ. ಆಮೇಲೆ, "ಗೋಡೆಯಿಂದ ಎರಡು ಅಡಿ ದೂರದಲ್ಲಿ, ಗೋಡೆಗೇ ಮುಖ ಮಾಡಿ ಕುಳಿತು ನುಡಿಸಮ್ಮ" ಎಂದೆ. ಎರಡು ಸಲ ಮೀಟುವಷ್ಟರಲ್ಲಿ ಅವಳ ಹುಬ್ಬು ಮೇಲೇರಿತು. ಎದುರಿಗೆ ಹೋಗುತ್ತಿದ್ದ ಶಬ್ದವನ್ನು ಗೋಡೆ ಹಿಂದಕ್ಕೆ ಕಳಿಸುತ್ತಿತ್ತು. "ಸರ್, ಇದು ಇಷ್ಟು ಜೋರಾಗಿದೆಯಾ!" ಎಂದಳು. ನಂತರ ಜಗಲಿಯ ಒಂದು ತುದಿಯಲ್ಲಿ ಅವಳನ್ನು, ಇನ್ನೊಂದು ತುದಿಯಲ್ಲಿ ತಂದೆಯನ್ನು ಕೂರಿಸಿ, ಮೆಲ್ಲಗೆ ನುಡಿಸಲು ಹೇಳಿದೆ. ಅವಳಿಗೆ ಸಾಲದೆನಿಸಿದ ಶಬ್ದ ತಂದೆಗೆ ಚೆನ್ನಾಗಿಯೇ ಕೇಳಿಸಿತು.

ಪಕ್ಕದ ತೂತಿನ ನಿಜವಾದ ಪ್ರಯೋಜನ ಇಲ್ಲೇ ಇದೆ. ಅದು ಸಭಿಕರಿಗಾಗಿ ಶಬ್ದ ಹೆಚ್ಚಿಸುವ ಉಪಾಯವಲ್ಲ. ತಾನು ನುಡಿಸಿದ್ದು ತನಗೆ ಸರಿಯಾಗಿ ಕೇಳಿಸಿದರೆ ಕೈ ಸಡಿಲವಾಗುತ್ತದೆ, ಅನಾವಶ್ಯಕವಾಗಿ ಬಡಿಯುವುದು ತಪ್ಪುತ್ತದೆ. ಹೊಸದಾಗಿ ಕೊಳ್ಳುವವರು ಎರಡೂ ಬಗೆಯನ್ನು ನುಡಿಸಿ ನೋಡಿ ಆರಿಸಿಕೊಳ್ಳಲಿ. ಮನೆಯಲ್ಲಿ ಈಗಾಗಲೇ ಇರುವ ವಾದ್ಯಕ್ಕೆ ಗೋಡೆಯೇ ಸಾಕು.

ವಾರ್ಷಿಕೋತ್ಸವದ ದಿನ ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ವಾದ್ಯದ ಎದುರಿಗೆ ಒಂದು ಮೈಕು ಇಟ್ಟಿದ್ದರು. ಹುಡುಗಿ ಮೆಲ್ಲಗೇ ಮೀಟುತ್ತಿದ್ದಳು. ಒಂದೊಂದು ಸ್ವರವೂ ನಮ್ಮ ಸಾಲಿಗೆ ಕೇಳಿಸಿತು.