ನೊಣದ ಫೋಟೋ ನೋಡಿದ್ವಿ, ಕಾಕಾನ ಮಾತು ಕೇಳಲಿಲ್ಲ

ಕಳೆದ ಹಿಂಗಾರಿ ಹಂಗಾಮಿನಲ್ಲಿ ನಮ್ಮ ರೂಮ್‌ಮೇಟ್‌ನ ಕಾಕಾ ಅಣ್ಣಿಗೇರಿ ಹತ್ತಿರದ ಹೊಲದಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ರು. ಕುಸುಬಿ ಗಿಡದ ಮೇಲೆ ಹಳದಿ-ಕಪ್ಪು ಪಟ್ಟೆಯ ಒಂದು ನೊಣ. ಹಿಂದೆಯೇ ಒಂದು ವಾಯ್ಸ್ ಮೆಸೇಜ್ ಬಂತು. ಇಂಟರ್ನಲ್ಸ್ ಹತ್ತಿರ ಇತ್ತು, ಫೋಟೋ ಇದೆಯಲ್ಲ ಸಾಕು ಅಂತ ಅದನ್ನ ಪೂರ್ತಿ ಕೇಳಲಿಲ್ಲ.

ನಮಗೆ ಧೈರ್ಯ ಇತ್ತು. ಯಾಕಂದ್ರೆ ನಾವು ಮೂರೂ ಜನ ಸೇರಿ ಆಗಷ್ಟೇ ಮಿನಿ ಪ್ರಾಜೆಕ್ಟ್ ಮುಗಿಸಿದ್ವಿ: ಫೋಟೋ ಕೊಟ್ಟರೆ ಕೀಟದ ಹೆಸರು ಹೇಳೋ ಮಾಡೆಲ್. ಕಾಕಾನ ನೊಣವನ್ನ ಅದಕ್ಕೆ ಹಾಕಿದ್ವಿ. 'ಹಣ್ಣಿನ ನೊಣ' ಅಂತ ಬಂತು, ನಂಬಿಕೆ 91 ಪರ್ಸೆಂಟ್. ಮಾವು, ಪೇರಲಕ್ಕೆ ಮೊಟ್ಟೆ ಇಡೋ ನೊಣ ಅದು. ಕುಸುಬಿ ಹೊಲದಲ್ಲಿ ಅದಕ್ಕೇನು ಕೆಲಸ ಅಂತ ಒಬ್ಬರೂ ಯೋಚನೆ ಮಾಡಲಿಲ್ಲ. "ಪೀಡೆ ಐತಿ ಕಾಕಾ, ಎಣ್ಣಿ ಹೊಡೀರಿ" ಅಂತ ಕಳಿಸಿದ್ವಿ. ಮರುದಿನ ಬೆಳಿಗ್ಗೆ ಹೊಡೆದರು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದೋ ಪರಿಚಯದ ಅಕ್ಕ ಒಬ್ಬರಿಗೆ ಆಮೇಲೆ ಹೆಮ್ಮೆಯಿಂದ ಇದನ್ನ ತೋರಿಸಿದ್ವಿ. ಅವರು ಫೋಟೋ ದೊಡ್ಡದು ಮಾಡಿ ನೋಡಿದ್ರು. "ಎಲಿ ಕೆಳಗ ಏನಿತ್ತು, ಕೇಳಿದ್ರೇನು?" ಅಂದ್ರು. ಆಗ ವಾಯ್ಸ್ ಮೆಸೇಜ್ ಹಾಕಿದ್ವಿ.

"ತಮ್ಮಾ, ಇದು ಕಡಿಯೂದಿಲ್ಲ. ಗಾಳ್ಯಾಗ ಒಂದ ಕಡೆ ನಿಂತ ಬಿಡ್ತೈತಿ, ಕೈ ಒಯ್ದ್ರ ಸರಕ್ನ ಪಕ್ಕಕ್ಕ ಸರೀತೈತಿ. ಗಿಡದಾಗ ಕರಿ ಹೇನು ಬಾಳ ಅದಾವ. ಹೇನಿನ ನಡುವ ಹಸರ ಹುಳಾನೂ ಅದಾವ. ಯಾವ ನೊಣಾ ಇದು?"

ಉತ್ತರ ಅಲ್ಲೇ ಇತ್ತು. ಗಾಳಿಯಲ್ಲಿ ನಿಂತಲ್ಲೇ ನಿಲ್ಲೋದು ಸಿರ್ಫಿಡ್ ನೊಣ. ಅದು ಹೇನು ಇರೋ ಗಿಡ ಹುಡುಕಿ ಮೊಟ್ಟೆ ಇಡುತ್ತೆ. ಮರಿ ಹುಳ, ಅಂದ್ರೆ ಕಾಕಾ ನೋಡಿದ ಹಸಿರು ಹುಳ, ಹೇನುಗಳನ್ನ ಹಿಡಿದು ರಸ ಹೀರುತ್ತೆ. ದೊಡ್ಡದಾದ ಮೇಲೆ ಹೂವಿನ ಮಕರಂದ, ಪರಾಗ ತಿಂದುಕೊಂಡು ಇರುತ್ತೆ. ಹೊಲ ಕಾಯೋಕೆ ಬಂದವರನ್ನೇ ನಾವು ಕೊಲ್ಲಿಸಿದ್ವಿ. ಕೆಲವೇ ವಾರದಲ್ಲಿ ಹೇನು ತಿರುಗಿ ಬಂತು. ಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತೆ, ನೊಣ ಅಷ್ಟು ಬೇಗ ಹೆಚ್ಚಲ್ಲ. ಕಾಕಾ ಎರಡನೇ ಸಲ ಎಣ್ಣಿ ತಂದರು, ಆಳಿನ ಕೂಲಿ ಬೇರೆ. ನಮಗೆ ಒಂದು ಮಾತೂ ಅನ್ನಲಿಲ್ಲ. ಅದು ಬೈದಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ಮಾಡೆಲ್ ಯಾಕೆ ತಪ್ಪಿತು? ನಾವು ಕಲಿಸಿದ್ದು ಐಪಿ102 ಅನ್ನೋ ಡೇಟಾಸೆಟ್‌ನಿಂದ. 2019ರಲ್ಲಿ ಬಂದದ್ದು, 75,000ಕ್ಕೂ ಹೆಚ್ಚು ಫೋಟೋ, 102 ಬಗೆ ಕೀಟ. ಎಲ್ಲವೂ ಪೀಡೆಗಳು. ಸಾಫ್ಟ್‌ಮ್ಯಾಕ್ಸ್ ಮಾಡಿದವರಿಗೆ ಗೊತ್ತು, ಎಲ್ಲ ಉತ್ತರಗಳ ಮೊತ್ತ 1 ಆಗಲೇಬೇಕು. ಪಟ್ಟಿಯಲ್ಲಿ ಇಲ್ಲದವನು ಬಂದರೂ ಆ 1 ಅನ್ನು ಪಟ್ಟಿಯವರಿಗೇ ಹಂಚುತ್ತೆ. ಬರೀ ಕಳ್ಳರ ಫೋಟೋ ಇರೋ ಸ್ಟೇಷನ್‌ಗೆ ಪೋಸ್ಟ್‌ಮನ್ ಹೋದ ಹಾಗೆ.

ಡೇಟಾ ಹೆಚ್ಚು ಮಾಡಿದ್ರೆ ಸರಿಯಾಗುತ್ತೆ ಅಂತ ಕ್ಲಾಸ್‌ಮೇಟ್‌ಗಳು ಹೇಳ್ತಾರೆ. ಬರೀ ಅಷ್ಟರಿಂದ ಆಗಲ್ಲ ಅಂತ ನಮ್ಮ ಅಭಿಪ್ರಾಯ. ಬೆಳೆ ರೋಗ ಗುರುತಿಸೋ ಪ್ರಾಜೆಕ್ಟ್ ಮಾಡೋರೆಲ್ಲ ಹೆಸರು ಹೇಳೋ 2016ರ ಒಂದು ಅಧ್ಯಯನ ಇದೆ. 54,306 ಎಲೆ ಫೋಟೋಗಳ ಮೇಲೆ ಮಾಡಿದ್ದು, ಅದರಲ್ಲಿ 99.35 ಪರ್ಸೆಂಟ್ ಆಕ್ಯುರೆಸಿ ಬಂತು. ಸ್ಲೈಡ್‌ಗೆ ಎಲ್ಲರೂ ಆ ನಂಬರ್ ಹಾಕ್ತಾರೆ. ಬೇರೆ ಕಡೆಯಿಂದ ತಂದ ಫೋಟೋ ಕೊಟ್ಟಾಗ ಅದೇ ಮಾಡೆಲ್ ಸುಮಾರು 31ಕ್ಕೆ ಇಳಿದದ್ದೂ ಅದೇ ಪೇಪರ್‌ನಲ್ಲಿದೆ. ಅದನ್ನ ಯಾರೂ ಹಾಕಲ್ಲ, ನಾವೂ ಹಾಕಿರಲಿಲ್ಲ.

ಹಾಗಂತ ಫೋಟೋ ವ್ಯರ್ಥ ಅಲ್ಲ. ಎರಡೇ ರೆಕ್ಕೆ ಇದ್ದರೆ ನೊಣ, ನಾಲ್ಕಿದ್ದರೆ ಜೇನು, ಕಣಜದ ಕಡೆ ನೋಡಬೇಕು. ಹಿಂದಿನ ರೆಕ್ಕೆ ಇರಬೇಕಾದ ಜಾಗದಲ್ಲಿ ನೊಣಕ್ಕೆ ತುದಿ ಗುಂಡಗಿರೋ ಎರಡು ಸಣ್ಣ ಕಡ್ಡಿ ಇರುತ್ತೆ, ಹಾಲ್ಟೀರ್ ಅಂತ ಹೆಸರು. ಅದು ನಡುಗುತ್ತಾ ಮೈ ತಿರುಗಿದ್ದನ್ನ ಹಿಡಿಯುತ್ತೆ. ನಮ್ಮ ಫೋನಿನ ಗೈರೋಸ್ಕೋಪ್ ಚಿಪ್ ನಡೆಯೋದೂ ಇದೇ ತತ್ವದ ಮೇಲೆ. (ಇದನ್ನ ನಮಗೆ ಯಾವ ಸೆಮಿಸ್ಟರ್‌ನಲ್ಲೂ ಹೇಳಿಲ್ಲ, ಬೇಜಾರು.) ರೆಕ್ಕೆಯ ನರ ಕಾಣೋ ಹಾಗೆ ಒಂದು, ಪಕ್ಕದಿಂದ ಒಂದು, ಎಲೆ ತಿರುಗಿಸಿ ಒಂದು ಫೋಟೋ ಇದ್ದರೆ ಬಹಳಷ್ಟು ಹೇಳಬಹುದು. ಆದರೂ ಅಕ್ಕ ಕೊನೆಗೆ ಹೇಳಿದ್ದು ಕುಟುಂಬದ ಹೆಸರು ಮಾತ್ರ. "ಇಷ್ಟರಾಗ ಜಾತಿ ಹೇಳಾಕ ಆಗೂದಿಲ್ಲ" ಅಂದ್ರು. ಅಷ್ಟು ಓದಿದವರು ಅಲ್ಲಿಗೆ ನಿಲ್ಲಿಸಿದ್ರು, ನಾವು 91 ಅಂದಿದ್ವಿ.

ಅದಕ್ಕೇ ಈ ವರ್ಷ ಕೀಟದ ಪ್ರಾಜೆಕ್ಟ್ ಮಾಡೋರಿಗೆ ನಮ್ಮ ಒತ್ತಾಯ: ಪಟ್ಟಿಯಲ್ಲಿ ಬೆಳೆಯ ಸ್ನೇಹಿತರೂ ಇರಲಿ, 'ಗೊತ್ತಿಲ್ಲ' ಅನ್ನೋ ಉತ್ತರವೂ ಇರಲಿ. ಟೆಸ್ಟ್ ಫೋಟೋ ನವಲಗುಂದ, ಕುಂದಗೋಳದ ಹೊಲಗಳಿಂದ ಬರಲಿ. ಫೋಟೋ ಕಳಿಸಿದವರು ಏನು ಹೇಳಿದ್ರು ಅನ್ನೋದಕ್ಕೆ ಒಂದು ಕಾಲಂ ಇರಲಿ, ಅವರ ಭಾಷೆಯಲ್ಲೇ. ಎಣ್ಣಿ ಹೊಡೀರಿ ಅನ್ನೋ ಮಾತು ಮಾಡೆಲ್ ಹೇಳೋದು ಬೇಡ.

ಮೊನ್ನೆ ಕಾಕಾ ಮತ್ತೆ ಒಂದು ಹುಳದ ಫೋಟೋ ಕಳಿಸಿದ್ದಾರೆ, ಎರಡು ನಿಮಿಷದ ವಾಯ್ಸ್ ಮೆಸೇಜ್ ಜೊತೆ. ಮೂರೂ ಜನ ಕೂತು ಎರಡು ಸಲ ಕೇಳಿದ್ವಿ. ಯಾವ ಹುಳ ಅಂತ ಇನ್ನೂ ಗೊತ್ತಾಗಿಲ್ಲ, ಹಾಗೇ ಹೇಳಿದ್ದೇವೆ.