ಗೇರುಬೀಜದ ಲೆಕ್ಕದಲ್ಲಿ ಬಿಟ್ಟುಹೋದದ್ದು

ಕೃಷಿಯ ಅಭಿವೃದ್ಧಿಯೂ ಪರಿಸರದ ರಕ್ಷಣೆಯೂ ಒಟ್ಟಿಗೆ ಸಾಗಲಾರವೆಂಬ ಮಾತು ಆಗಾಗ ಕೇಳಿಬರುತ್ತದೆ. ನಮ್ಮ ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣವನ್ನು ಪರಿಶೀಲಿಸಿದರೆ, ವಿರೋಧವಿರುವುದು ಇವೆರಡರ ನಡುವೆ ಅಲ್ಲ, ಲಾಭನಷ್ಟದ ಲೆಕ್ಕ ಬರೆಯುವ ಕ್ರಮದಲ್ಲಿಯೇ ದೋಷವಿದೆ ಎಂಬುದು ಮನದಟ್ಟಾಗುತ್ತದೆ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಚಿಗುರು, ಹೂಗೊಂಚಲುಗಳ ರಸ ಹೀರುವ ಟೀ ಸೊಳ್ಳೆಯ ನಾಶವೇ ಉದ್ದೇಶ. ಕೀಟದ ಕಾಟ ನಿಜ, ಬೆಳೆನಷ್ಟವೂ ನಿಜ. ಆದರೆ ತೋಟಗಳಿದ್ದುದು ಗುಡ್ಡೆಗಳ ಮೇಲೆ; ಎಣ್ಮಕಜೆಯಂಥ ಗ್ರಾಮಗಳ ಮನೆ, ತೋಡು, ತೆರೆದ ಬಾವಿ, ಸುರಂಗಗಳಿದ್ದುದು ಅವುಗಳ ಕೆಳಗೆ. ಗಾಳಿಗೂ ಮಳೆನೀರಿಗೂ ತೋಟದ ಬೇಲಿ ಲೆಕ್ಕಕ್ಕಿಲ್ಲ. ಉಳಿದ ಗೇರುಬೀಜ ನಿಗಮದ ಆದಾಯಕ್ಕೆ ಸೇರಿತು. ಊರವರ ಕಾಯಿಲೆ ಯಾವ ಪುಸ್ತಕದಲ್ಲೂ ಖರ್ಚಾಗಿ ಬೀಳಲಿಲ್ಲ.

ಕಾನೂನು ಇರಲಿಲ್ಲವೆನ್ನುವಂತಿಲ್ಲ. 1968ರ ಕೀಟನಾಶಕ ಕಾಯಿದೆಯಿತ್ತು, 1986ರ ಪರಿಸರ ಸಂರಕ್ಷಣಾ ಕಾಯಿದೆಯಿತ್ತು. ಹಾನಿಯ ಶಂಕೆಯಿದ್ದಲ್ಲಿ ಪೂರ್ಣ ಪುರಾವೆಗೆ ಕಾಯಬಾರದು, ಹಾನಿಯಿಲ್ಲವೆಂದು ತೋರಿಸುವ ಹೊಣೆ ಕೆಲಸ ನಡೆಸುವವರದೇ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ, ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ಎತ್ತಿಹಿಡಿದಿತ್ತು. ಆದರೂ ಇಲ್ಲಿ ಪುರಾವೆ ಕೇಳಿದ್ದು ಹಾಸಿಗೆ ಹಿಡಿದ ಮಕ್ಕಳ ತಾಯಂದಿರಲ್ಲಿ.

ಕಾರಣ ಸ್ಪಷ್ಟ. ಕೀಟನಾಶಕಗಳಿಗೆ ನೋಂದಣಿ ಕೊಡುವ ಕೇಂದ್ರ ಸಮಿತಿ ಇರುವುದು ಕೃಷಿ ಸಚಿವಾಲಯದ ಅಧೀನದಲ್ಲಿ. ಇಳುವರಿ ಹೆಚ್ಚಿಸಬೇಕಾದ ಇಲಾಖೆಯೇ ವಿಷದ ಯೋಗ್ಯತೆಯನ್ನೂ ತೀರ್ಮಾನಿಸುತ್ತದೆ. ಪರಿಸರ ನೀತಿ ಹಾನಿಯಾದ ಬಳಿಕವಷ್ಟೇ ಬಾಗಿಲು ತಟ್ಟುತ್ತದೆ.

2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ 2017ರಲ್ಲಿ ರಾಜ್ಯ ಸರಕಾರಕ್ಕೆ ಆದೇಶಿಸಿತು. ವಿಳಂಬಕ್ಕಾಗಿ 2022ರಲ್ಲಿ ಮತ್ತೆ ಛೀಮಾರಿ ಹಾಕಬೇಕಾಯಿತು. ಬಿಟ್ಟುಹೋದ ಖರ್ಚು ಕೊನೆಗೂ ಲೆಕ್ಕಕ್ಕೆ ಬಂತು; ಆದರೆ ಸಿಂಪಡಣೆ ನಿಂತು ಹದಿನಾರು ವರ್ಷಗಳ ಮೇಲೆ, ಸಾರ್ವಜನಿಕರ ಬೊಕ್ಕಸದಿಂದ.

ಮುಂದೆ ಯಾವ ಕೃಷಿ ಯೋಜನೆ ಬಂದರೂ ಗ್ರಾಮಸಭೆಯಲ್ಲಿ ನಾವು ಕೇಳಬೇಕಾದುದಿಷ್ಟು: ಲಾಭ ಯಾರಿಗೆ, ಅಪಾಯ ಯಾರಿಗೆ, ಅದನ್ನು ಪರೀಕ್ಷಿಸಿದವರು ಯಾರು? ಉತ್ತರ ಕನ್ನಡದಲ್ಲಿಯೂ ದೊರೆಯಬೇಕು. ಓದಲು ಬಾರದ ಭಾಷೆಯಲ್ಲಿ ಕೊಟ್ಟ ಎಚ್ಚರಿಕೆ ಎಚ್ಚರಿಕೆಯೆನಿಸದು.