ತಾಯಿ ನಾಯಿಯನ್ನು ಕೇಳುವವರಿಲ್ಲ

ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಗೆ ಹೋಗಿ ಬಂದ ನಮ್ಮ ಓದುಗರಿಗೆ ಅಲ್ಲಿ ನಾಯಿಗಳಿಗೆ ಸಲ್ಲುವ ಮರ್ಯಾದೆಯನ್ನು ವಿವರಿಸಬೇಕಾಗಿಲ್ಲ. ಬಾಗಿಲಲ್ಲಿ ಕಂಚಿನ ನಾಯಿಗಳು, ಒಳಗೆ ಜೀವಂತ ನಾಯಿಗಳು. ಅವನ್ನು ‘ಹಚಾ’ ಎನ್ನುವವರೇ ಇಲ್ಲ. ಇಲ್ಲಿಂದ ಬಹು ದೂರದಲ್ಲಿ, ಮರಾಠವಾಡದ ಗಡಿಯ ನಳದುರ್ಗ ಮತ್ತು ಅಣದೂರುಗಳಲ್ಲಿ ನೆಲೆಸಿರುವ ಖಂಡೋಬನಿಗೂ ನಾಯಿಯೇ ಸಂಗಾತಿ. ಕನ್ನಡಿಗರು ಮೈಲಾರಲಿಂಗನೆಂದು ಪೂಜಿಸುವ ದೇವರೂ ಅವನೇ. ಅವನ ಗೊರವರು ನಾಯಿಗಳಂತೆ ಬೊಗಳುತ್ತ ದೋಣಿಯಲ್ಲಿಟ್ಟ ಪ್ರಸಾದವನ್ನು ಉಣ್ಣುವ ಸೇವೆ ಇಂದಿಗೂ ನಡೆದುಬಂದಿದೆ. ಹೀಗೆ ನಾಯಿಯನ್ನು ದೇವರ ಮಗ್ಗುಲಲ್ಲಿ ಕೂರಿಸಿದ ಜನರ ನಡುವೆಯೇ ನಾಯಿಮರಿ ಇಂದು ತೂಗಿ ಮಾರುವ ಸರಕಿನಂತಾಗಿರುವುದು ಶೋಚನೀಯ.

ಮರಾಠವಾಡದ ಆ ಗಡಿಸೀಮೆಯ ಮಾತೆತ್ತಲು ಕಾರಣವಿದೆ. ಧಾರಾಶಿವ ಎಂದು 2023ರಲ್ಲಿ ಮರುನಾಮಕರಣಗೊಂಡ ಉಸ್ಮಾನಾಬಾದ್ ಜಿಲ್ಲೆಯ ಲೋಹಾರಾ ಮತ್ತು ಉಮರ್ಗಾ, ಲಾತೂರು ಜಿಲ್ಲೆಯ ನಿಲಂಗಾ ಮತ್ತು ಉದಗೀರ, ಇವೆಲ್ಲ ನಮ್ಮಂತೆಯೇ 1956ರ ಗೆರೆಯ ಆಚೆ ಉಳಿದ ಕನ್ನಡಿಗರ ಊರುಗಳು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯೊಡನೆ ನೆಲಸಮವಾದ ಸಾಸ್ತೂರು ಈ ಲೋಹಾರಾ ತಾಲೂಕಿನದೇ. ಭೂಕಂಪದ ಸುದ್ದಿಯಿಂದಲ್ಲದೆ ಬೇರೆ ರೀತಿಯಲ್ಲಿ ಆ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಆದರೆ ಉದಗೀರದ ಮಗ್ಗುಲಿನ ದೇವಣಿ ಎಂಬ ಊರು ದೇವಣಿ ದನಗಳಿಗೆ ಹೆಸರು ಕೊಟ್ಟ ಊರು. ಒಂದು ತಳಿಯನ್ನು ತಲೆಮಾರುಗಟ್ಟಲೆ ಕಾಪಾಡುವುದು ಹೇಗೆಂಬುದನ್ನು ಅಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ರೈತರ ಅಂಗಳದಲ್ಲಿರುವ ನಾಯಿಗೆ ‘ಕಾರವಾನಿ’ ಎಂದು ಹೆಸರು. ತೆಳ್ಳನೆಯ ಮೈ, ಉದ್ದನೆಯ ಮೂತಿ, ಒಳಸರಿದ ಹೊಟ್ಟೆ, ಜಿಂಕೆಯಂಥ ಕಾಲು. ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಬಂದರೆ ಇದೇ ಮುಧೋಳ ನಾಯಿ. ಕೆನೆಲ್ ಕ್ಲಬ್ ಆಫ್ ಇಂಡಿಯಾದ ಪುಸ್ತಕದಲ್ಲಿ ಕ್ಯಾರವಾನ್ ಹೌಂಡ್. ಹಿಂದೆ ಮೊಲದ ಬೇಟೆಗೆ ಇದನ್ನು ಬಿಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಆ ಕೆಲಸ ಹೋಯಿತು, ಹೊಲ ಮನೆಗಳ ಕಾವಲು ಉಳಿಯಿತು. ಜೋಳದ ರೊಟ್ಟಿ ತಿಂದು ಬಯಲಿನಲ್ಲಿ ಓಡಿಕೊಂಡಿದ್ದ ಈ ನಾಯಿಗೆ ಈಚಿನ ವರ್ಷಗಳಲ್ಲಿ ದೊಡ್ಡ ಕೀರ್ತಿ ಬಂತು. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಹೊರಟಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2016ರಲ್ಲಿ ಅಲ್ಲಿನ ಮರಿಗಳು ಮೀರತ್‌ನ ಸೈನಿಕ ತರಬೇತಿಗೆ ಹೋದವು. 2020ರ ಆಗಸ್ಟ್ 30ರಂದು ಪ್ರಧಾನಿಯವರು ಆಕಾಶವಾಣಿಯಲ್ಲಿ ಇದರ ಹೆಸರು ಹೇಳಿ, ಮನೆಯಲ್ಲಿ ದೇಶೀ ನಾಯಿಯನ್ನು ಸಾಕಿರೆಂದರು.

ಸಂತೋಷವೇ. ಆದರೆ ಈ ಕೀರ್ತಿಯೇ ಆ ಪ್ರಾಣಿಗೆ ಕಂಟಕವಾದೀತೆಂದು ನಾವು ಹೆದರುತ್ತೇವೆ.

ಹೆದರಿಕೆಗೆ ಆಧಾರವಿದೆ. 2003ರಲ್ಲಿ ಹಚ್ ಎಂಬ ಮೊಬೈಲ್ ಕಂಪೆನಿಯ ಜಾಹೀರಾತು ಟೆಲಿವಿಷನ್‌ನಲ್ಲಿ ಬರುತ್ತಿದ್ದುದು ಹಲವರಿಗೆ ನೆನಪಿರಬಹುದು. ಹುಡುಗ ಹೋದಲ್ಲೆಲ್ಲ ಹಿಂದೆ ಹಿಂದೆಯೇ ಹೋಗುವ ಸುಕ್ಕುಮೋರೆಯ ಪಗ್ ನಾಯಿ. ದೇಶದ ಮಕ್ಕಳಿಗೆಲ್ಲ ಅದೇ ಬೇಕಾಯಿತು. ಬೇಡಿಕೆ ಒಮ್ಮೆಗೆ ಏರಿದರೂ ನಾಯಿಯ ಗರ್ಭ ಅರುವತ್ತಮೂರು ದಿನಕ್ಕಿಂತ ಬೇಗ ಮಾಗುವುದಿಲ್ಲವಷ್ಟೆ. ಆಗ ವ್ಯಾಪಾರಿಗೆ ಉಳಿಯುವ ದಾರಿ ಒಂದೇ: ಇದ್ದ ಹೆಣ್ಣು ನಾಯಿಗಳನ್ನು ಬೆದೆಗೆ ಬಂದಾಗಲೆಲ್ಲ, ವರ್ಷಕ್ಕೆ ಎರಡೆರಡು ಸಲ, ಬಿಡುವಿಲ್ಲದೆ ಮರಿ ಹಾಕಿಸುವುದು, ಅಣ್ಣ ತಂಗಿ, ತಂದೆ ಮಗಳು ಎಂಬ ಭೇದವನ್ನೂ ನೋಡದಿರುವುದು. ಇಂಥ ಸ್ಥಳಕ್ಕೆ ಇಂಗ್ಲಿಷಿನಲ್ಲಿ ‘ಪಪ್ಪಿ ಮಿಲ್’ ಎನ್ನುತ್ತಾರೆ, ಮರಿಗಿರಣಿ. ಅಕ್ಕಿ ಗಿರಣಿಯಾದರೂ ರಾತ್ರಿ ನಿಲ್ಲುತ್ತದೆ. ಮೂತಿ ಚಪ್ಪಟೆಯಾದಷ್ಟೂ ಬೆಲೆ ಹೆಚ್ಚೆಂದು ಚಪ್ಪಟೆಯದನ್ನೇ ಆರಿಸಿ ಆರಿಸಿ ಕೂಡಿಸಿದುದರ ಫಲವೇನೆಂದರೆ, ಪಗ್ಗಿಗೆ ನೆಟ್ಟಗೆ ಉಸಿರಾಡಲು ಬರುವುದಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಅದು ಮೈ ತಣಿಸಿಕೊಳ್ಳಬೇಕು. ಮೂಗಿನ ದಾರಿಯೇ ಮುಚ್ಚಿಹೋದ ನಾಯಿಯನ್ನು ನಮ್ಮ ಮೇ ತಿಂಗಳ ಸೆಖೆಯಲ್ಲಿ ತಗಡಿನ ಮಾಡಿನ ಕೆಳಗೆ ಕಟ್ಟಿಹಾಕಿದರೆ ಏನಾದೀತೆಂದು ಬೇರೆ ಹೇಳಬೇಕೆ? ಬುಲ್‌ಡಾಗ್ ಎಂಬ ಜಾತಿಯಲ್ಲಂತೂ ಮರಿಯ ತಲೆ ದೊಡ್ಡದಾಗಿ ತಾಯಿಯ ಸೊಂಟ ಕಿರಿದಾಗಿ, ಬಹುಪಾಲು ಹೆರಿಗೆಗಳು ಹೊಟ್ಟೆ ಕೊಯ್ದೇ ಆಗಬೇಕಾಗಿದೆ.

ಮರಿಯ ಅವಸ್ಥೆಯೂ ಉತ್ತಮವಲ್ಲ. ಸಣ್ಣದಿದ್ದಷ್ಟೂ ಮುದ್ದು, ಮುದ್ದಾದಷ್ಟೂ ಬೇಗ ಮಾರಾಟ ಎಂಬ ಲೆಕ್ಕದಲ್ಲಿ ಮೂವತ್ತು ನಲವತ್ತು ದಿನಗಳ ಕೂಸನ್ನು ಮೊಲೆ ಬಿಡಿಸಿ ಪೆಟ್ಟಿಗೆಗೆ ತುಂಬುತ್ತಾರೆ. ಪಾರ್ವೊ ಎಂಬ ರೋಗಾಣು 1978ರ ಸುಮಾರಿಗೆ ಜಗತ್ತಿಗೆ ಗೊತ್ತಾದುದು. ರೋಗಿ ನಾಯಿಯ ಮಲದಿಂದ ಹರಡುವ ಅದು ಲಸಿಕೆಯಿಲ್ಲದ ಮರಿಗಳನ್ನೇ ಹುಡುಕಿ ಕೊಲ್ಲುತ್ತದೆ. ಸೋಂಕು ತಗಲಿ ವಾರದೊಳಗೆ ವಾಂತಿ, ರಕ್ತಭೇದಿ. ಭಾನುವಾರ ತಂದ ಮರಿಗೆ ಹೆಸರಿಟ್ಟು ಮುಗಿಯುವಷ್ಟರಲ್ಲಿ ಮನೆಯ ಮಕ್ಕಳು ಅದರ ಸಾವನ್ನು ನೋಡುತ್ತಾರೆ. ಮನೆಯವರು ತಮ್ಮ ಆರೈಕೆಯನ್ನೇ ಶಂಕಿಸಿಕೊಳ್ಳುತ್ತಾರೆ. ರೋಗ ಬಂದುದು ಹುಟ್ಟಿದ ಜಾಗದಿಂದ ಎಂದು ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಶಾಲೆಗಳಲ್ಲಿ ‘ನಾಯಿಯ ಆತ್ಮಕಥೆ’ ಎಂದು ಪ್ರಬಂಧ ಬರೆಸುವ ವಾಡಿಕೆಯಿದೆ. ಎಲ್ಲವೂ ಒಡೆಯನ ಮನೆಗೆ ಬಂದ ದಿನದಿಂದಲೇ ಆರಂಭವಾಗುತ್ತವೆ. ಮರಿ ಮಾರಿಹೋದ ಮೇಲೆ ಕತ್ತಲ ಗೂಡಿನಲ್ಲಿ ಉಳಿದ ತಾಯಿಯ ಕಥೆಯನ್ನು ಬರೆದ ವಿದ್ಯಾರ್ಥಿಯನ್ನು ನಾವು ಕಂಡಿಲ್ಲ. ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ, ಹಿರಿಯರೇ ಕೇಳುವುದಿಲ್ಲ. ಮರಿ ಹಾಕುವ ಶಕ್ತಿ ಉಡುಗಿದೊಡನೆ ಆ ತಾಯಿಯನ್ನು ಹೆದ್ದಾರಿಯ ಬದಿಯಲ್ಲಿ ಇಳಿಸಿ ಹೋಗುತ್ತಾರೆ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ, ತನ್ನ ಎಂಬತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಆರಂಭಿಸಿದ ‘ಕ್ಯೂಪಾ’ ಸಂಸ್ಥೆ ಹೀಗೆ ಕೈಬಿಟ್ಟ ಜಾತಿನಾಯಿಗಳಿಗೆ ಹೊಸ ಮನೆ ಹುಡುಕುವ ಕೆಲಸವನ್ನೂ ಮಾಡುತ್ತಿದೆ. ಗೂಡಿನಲ್ಲೇ ಬಾಳಿದ ನಾಯಿಗೆ ಹುಲ್ಲಿನ ಮೇಲೆ ಕಾಲಿಡಲು ಭಯ, ಮೆಟ್ಟಿಲು ಹತ್ತಲು ಭಯ, ಎತ್ತಿದ ಕೈ ಕಂಡರೆ ಭಯ. ಅದನ್ನು ಮತ್ತೆ ನಾಯಿಯನ್ನಾಗಿ ಮಾಡಲು ತಿಂಗಳುಗಳೇ ಬೇಕು. ಇಂಥ ಸೇವೆ ಮಾಡುವವರು ವಂದನೀಯರು. ಆದರೆ ಇತ್ತ ಒಂದನ್ನು ಉಳಿಸುವಷ್ಟರಲ್ಲಿ ಅತ್ತ ಗಿರಣಿ ಹತ್ತನ್ನು ಹೊರಹಾಕುತ್ತದೆ.

ಕಾನೂನಿಲ್ಲವೇ? ಇದೆ. ಕೇಂದ್ರ ಸರಕಾರ 2017ರ ಮೇ ತಿಂಗಳಲ್ಲಿ ನಾಯಿ ತಳಿ ಬೆಳೆಸುವ ಮತ್ತು ಮಾರುವ ಕುರಿತು ನಿಯಮಗಳನ್ನೇ ಹೊರಡಿಸಿದೆ. ಅದರಂತೆ ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಹದಿನೆಂಟು ತಿಂಗಳಾಗದ ಹೆಣ್ಣಿನಿಂದ ಮರಿ ಹಾಕಿಸಬಾರದು. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ಒಳ್ಳೆಯ ನಿಯಮಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವಕ್ಕೆ ಬುನಾದಿಯಾದ 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆಯಲ್ಲಿ ಮೊದಲ ಸಲದ ಕ್ರೌರ್ಯಕ್ಕೆ ಇರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. 1960ರಲ್ಲಿ ಅದೊಂದು ಮೊತ್ತವೇ ಹೌದು. ಇಂದು ಇಬ್ಬರು ಹೋಟೆಲಿನಲ್ಲಿ ಚಹಾ ತಿಂಡಿಗೆ ಕುಳಿತರೆ ಅದು ಸಾಲದು. ಸಾವಿರಗಟ್ಟಲೆಗೆ ಮರಿ ಮಾರುವವನು ಈ ದಂಡಕ್ಕೆ ಅಂಜುತ್ತಾನೆಂದು ನಂಬುವ ಮುಗ್ಧತೆ ನಮಗಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರವು 23 ತಳಿಗಳನ್ನು ಕ್ರೂರವೆಂದು ಹೆಸರಿಸಿ ನಿಷೇಧಿಸಲು ಸುತ್ತೋಲೆ ಹೊರಡಿಸಿತು, ಮರುತಿಂಗಳೇ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. ನಾಯಿಯ ಜಾತಿಯನ್ನು ದೂರುವ ಈ ಉತ್ಸಾಹದ ಕಾಲಂಶವನ್ನಾದರೂ ದಂಡದ ಮೊತ್ತ ತಿದ್ದುವುದರಲ್ಲಿ ತೋರಿಸಬಾರದಿತ್ತೆ?

ಇಂಗ್ಲೆಂಡಿನಲ್ಲಿ ಮಾಡಿದುದನ್ನು ಗಮನಿಸಬಹುದು. ವೇಲ್ಸಿನ ಒಂದು ಗಿರಣಿಯಿಂದ 2013ರಲ್ಲಿ ಬಿಡಿಸಿ ತಂದ ಲೂಸಿ ಎಂಬ ಹೆಣ್ಣು ನಾಯಿಯ ಹೆಸರಿನಲ್ಲಿ ಅಲ್ಲಿ ಚಳವಳಿ ನಡೆಯಿತು. 2020ರ ಏಪ್ರಿಲಿನಿಂದ ಅಲ್ಲಿ ಆರು ತಿಂಗಳೊಳಗಿನ ಮರಿಯನ್ನು ದಲ್ಲಾಳಿ ಅಂಗಡಿಗಳು ಮಾರುವಂತಿಲ್ಲ. ಬೆಳೆಸಿದವನ ಮನೆಗೇ ಹೋಗಿ, ತಾಯಿಯೊಡನೆ ಮರಿಯನ್ನು ನೋಡಿ ಕೊಳ್ಳಬೇಕು. ಇದರ ತಿರುಳು ನಮ್ಮ ಹಳ್ಳಿಯವರಿಗೆ ಹೊಸತಲ್ಲ. ತಾಯಿಯನ್ನು ನೋಡದೆ ಕರು ಕೊಳ್ಳುವ ರೈತ ಲೋಹಾರಾದಲ್ಲೂ ಇಲ್ಲ, ಬದಿಯಡ್ಕದಲ್ಲೂ ಇಲ್ಲ.

ಕಾರವಾನಿಯ ಮಟ್ಟಿಗೆ ಕಾಲ ಇನ್ನೂ ಮೀರಿಲ್ಲ. ಉದಗೀರದಲ್ಲಿ ಪಶುವೈದ್ಯ ಕಾಲೇಜಿದೆ, ಪಕ್ಕದ ಬೀದರದಲ್ಲಿ ವಿಶ್ವವಿದ್ಯಾಲಯವಿದೆ. ಮಹಾರಾಷ್ಟ್ರ ಮತ್ತು ಕರ್ನಾಟಕಗಳು ಗಡಿಯ ಜಗಳವನ್ನು ಒಂದು ಗಳಿಗೆ ಬದಿಗಿರಿಸಿ, ಈ ಒಂದೇ ನಾಯಿಗೆ ಒಂದೇ ವಂಶಾವಳಿ ಪುಸ್ತಕವನ್ನು ಇಡುವುದು ಸಾಧ್ಯ. ಯಾವ ರೈತನ ಯಾವ ಹೆಣ್ಣು ಎಷ್ಟನೆಯ ಸೂಲು ಎಂಬುದು ಬರಹದಲ್ಲಿದ್ದರೆ ಗಿರಣಿಯವನು ಒಳನುಗ್ಗುವುದು ಕಷ್ಟ, ಬಡ ಸಾಕಣೆದಾರನಿಗೂ ನ್ಯಾಯವಾದ ಬೆಲೆ ಸಿಕ್ಕೀತು.

ಇನ್ನು ನಮ್ಮ ಜಿಲ್ಲೆಯ ಮಾತು. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತಿನ ಪರವಾನಗಿ ಬೇಕೆಂದು 1998ರಿಂದಲೇ ನಿಯಮವಿದೆ. 2021ರಲ್ಲಿ ತಿರುವನಂತಪುರದ ಕಡಲತಡಿಯಲ್ಲಿ ಬ್ರೂನೊ ಎಂಬ ನಾಯಿಯನ್ನು ಹೊಡೆದು ಕೊಂದಾಗ ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡು, ಅದಕ್ಕೆ ಆ ನಾಯಿಯ ಹೆಸರನ್ನೇ ಇಟ್ಟು, ಪರವಾನಗಿಯನ್ನು ಬಿಗಿಗೊಳಿಸಲು ಆದೇಶಿಸಿತು. ಆ ಪರವಾನಗಿಯ ಅರ್ಜಿಯಲ್ಲಿ ‘ಮರಿ ಮಾರಿದವರ ನೋಂದಣಿ ಸಂಖ್ಯೆ’ ಎಂಬ ಒಂದು ಕಾಲಮನ್ನು ಸೇರಿಸಬೇಕೆಂದು ನಮ್ಮ ಪಂಚಾಯತುಗಳನ್ನೂ ನಗರಸಭೆಗಳನ್ನೂ ನಾವು ಒತ್ತಾಯಿಸುತ್ತೇವೆ. ದಾರಿಯಲ್ಲಿ ಸಿಕ್ಕಿದ ಊರನಾಯಿಯನ್ನು ಸಾಕಿದವರು ಅದನ್ನು ಖಾಲಿ ಬಿಡಲಿ, ಅವರಿಂದ ಶುಲ್ಕವನ್ನೂ ಪಡೆಯುವುದು ಬೇಡ. ಸಂಖ್ಯೆ ಕೊಡಲಾಗದ ವ್ಯಾಪಾರಿಯ ಹೆಸರು ಪಶುವೈದ್ಯರಿಗೂ ಪೊಲೀಸರಿಗೂ ಹೋಗಲಿ. ಅಂದ ಹಾಗೆ, ಈ ಅರ್ಜಿ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮಲೆಯಾಳದೊಡನೆ ಕನ್ನಡದಲ್ಲೂ ಅಚ್ಚಾಗಬೇಕು. ಭಾಷಾ ಅಲ್ಪಸಂಖ್ಯಾತರಿಗೆ 1969ರ ಭಾಷಾ ಕಾಯಿದೆ ಕೊಟ್ಟ ಹಕ್ಕು ನಾಯಿಯ ಅರ್ಜಿಗೂ ಅನ್ವಯಿಸುತ್ತದೆ.